ಗರಿಕೆಯ ನಲವತ್ತು ಸಾಲುಗಳು: ಹುಲ್ಲುಹಾಸು ಬೆಳೆಸುವುದನ್ನು ಕಲಿಸಲು ಹೋಗಿ ಕಲಿತದ್ದು

ತರಗತಿ: ಎಂಟು. ವಿಷಯ: ವಿಜ್ಞಾನ. ಘಟಕ: ಬೆಳೆ ಉತ್ಪಾದನೆ ಮತ್ತು ನಿರ್ವಹಣೆ (ವಿಸ್ತರಣಾ ಚಟುವಟಿಕೆ). ಅವಧಿ: 40 ನಿಮಿಷಗಳ ಆರು ಪಾಠಗಳು ಮತ್ತು ನಾಲ್ಕು ತಿಂಗಳ ವೀಕ್ಷಣೆ. ಸ್ಥಳ: ಹರಿಹರದ ಮಗ್ಗುಲಿನ ಗುತ್ತೂರು ಭಾಗದ ಒಂದು ಶಾಲೆ.

ಹಿನ್ನೆಲೆ

ಬೋಧನಾಭ್ಯಾಸಕ್ಕೆ ಶಾಲೆಗೆ ಹೋದ ಮೊದಲ ವಾರದಲ್ಲಿ ನಮಗೆ ವೀಕ್ಷಣೆಯ ಕೆಲಸ ಮಾತ್ರ ಇರುತ್ತದೆ. ಆ ವಾರ ನನ್ನ ದಿನಚರಿ ಪುಸ್ತಕದಲ್ಲಿ ಪಾಠಗಳಿಗಿಂತ ಹೆಚ್ಚಾಗಿ ಬರೆದದ್ದು ಮಕ್ಕಳ ಮೊಣಕಾಲಿನ ಬಗ್ಗೆ. ಆಟದ ಬಯಲು ಅರ್ಧ ಗರಸು, ಅರ್ಧ ಎರೆಮಣ್ಣು. ಒಣಗಿದಾಗ ಬಿರುಕು ಬಿಟ್ಟು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ, ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುವಷ್ಟು ಅಂಟುತ್ತದೆ. ಖೋ ಖೋ ಆಡಿ ಬಂದ ಮಕ್ಕಳಲ್ಲಿ ದಿನಕ್ಕೆ ಇಬ್ಬರಾದರೂ ತರಚಿದ ಮೊಣಕಾಲು ಹಿಡಿದು ಪ್ರಥಮ ಚಿಕಿತ್ಸೆ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದರು.

ಅದೇ ವಾರ ನನಗೆ ಹಂಚಿಕೆಯಾದ ಘಟಕ 'ಬೆಳೆ ಉತ್ಪಾದನೆ ಮತ್ತು ನಿರ್ವಹಣೆ'. ಮಣ್ಣು ಸಿದ್ಧಪಡಿಸುವುದು, ಬಿತ್ತನೆ, ಗೊಬ್ಬರ, ನೀರಾವರಿ, ಕಳೆ ನಿಯಂತ್ರಣ, ಕೊಯ್ಲು, ಸಂಗ್ರಹಣೆ ಎಂಬ ಹಂತಗಳನ್ನು ಚಾರ್ಟ್ ಬರೆದು ತೋರಿಸಿದರೆ ಪಾಠ ಮುಗಿಯುತ್ತದೆ. ಆದರೆ ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯ ಮಕ್ಕಳಿಗೆ ಭತ್ತದ ಚಾರ್ಟ್ ತೋರಿಸುವುದು ಮೀನಿಗೆ ಈಜು ಹೇಳಿಕೊಟ್ಟಂತೆ. ಅವರು ಮಾಡಿ ನೋಡಿರದ ಒಂದು ಬೆಳೆ ಬೇಕಿತ್ತು. ಮೊಣಕಾಲು ಮತ್ತು ಘಟಕ ಎರಡೂ ಸೇರಿದಾಗ ಹೊಳೆದದ್ದು ಹುಲ್ಲುಹಾಸು. ಅದಕ್ಕೂ ಇದೇ ಹಂತಗಳಿವೆ, ಕೊಯ್ಲಿನ ಬದಲು ಕತ್ತರಿಸುವುದಿದೆ, ಸಂಗ್ರಹಣೆಯ ಬದಲು ಆಟವಿದೆ.

ಕಲಿಕಾ ಉದ್ದೇಶಗಳು

ಈ ಪಾಠಗಳ ನಂತರ ವಿದ್ಯಾರ್ಥಿಯು:
1. ಹುಲ್ಲು ಯಾವುದು, ಹುಲ್ಲಲ್ಲದ್ದು ಯಾವುದು ಎಂದು ಗಿಡವನ್ನು ಕಿತ್ತು ನೋಡಿ ಹೇಳುವನು/ಳು.
2. ಮಣ್ಣಿನ ಗಟ್ಟಿತನವನ್ನೂ ನೀರಿಳಿಯುವ ವೇಗವನ್ನೂ ಸರಳ ಸಾಧನಗಳಿಂದ ಅಳೆಯುವನು/ಳು.
3. ನೆಡಬೇಕಾದ ತುಂಡುಗಳ ಸಂಖ್ಯೆ, ಗೊಬ್ಬರ, ನೀರು ಇವನ್ನು ಲೆಕ್ಕಹಾಕುವನು/ಳು.
4. ಕತ್ತರಿಸಿದರೂ ಹುಲ್ಲು ಏಕೆ ಸಾಯುವುದಿಲ್ಲ ಎಂಬುದನ್ನು ಪ್ರಯೋಗದಿಂದ ವಿವರಿಸುವನು/ಳು.
5. ನೀರು ಕಡಿಮೆ ಇರುವ ಊರಿನಲ್ಲಿ ಹುಲ್ಲುಹಾಸು ಬೇಕೇ, ಬೇಕಾದರೆ ಎಷ್ಟು ಎಂಬುದರ ಬಗ್ಗೆ ಕಾರಣಸಹಿತ ಅಭಿಪ್ರಾಯ ಹೇಳುವನು/ಳು.

ಐದನೆಯ ಉದ್ದೇಶ ಮೊದಲ ಕರಡಿನಲ್ಲಿ ಇರಲಿಲ್ಲ. ಅದನ್ನು ಸೇರಿಸಿದವಳು ಒಬ್ಬ ವಿದ್ಯಾರ್ಥಿನಿ.

ಪಾಠ 1: ಯಾವುದು ಹುಲ್ಲು?

ಪೀಠಿಕೆಗೆ ಪ್ರಶ್ನೆ ಕೇಳುವ ಬದಲು, ಬಯಲಿನಿಂದ ಒಬ್ಬೊಬ್ಬರು ಒಂದೊಂದು 'ಹುಲ್ಲು' ಕಿತ್ತು ತರಲು ಐದು ನಿಮಿಷ ಕೊಟ್ಟೆ. ಬೇರು ಸಮೇತ ತರಬೇಕು ಎಂಬುದೊಂದೇ ಷರತ್ತು. ಮೇಜಿನ ಮೇಲೆ ಬಿದ್ದ ರಾಶಿಯಲ್ಲಿ ಮೂರು ಬಗೆ ಮುಖ್ಯವಾಗಿದ್ದವು: ಗರಿಕೆ, ಜೇಕು, ಕಾಂಗ್ರೆಸ್ ಹುಲ್ಲು.

ಕಾಂಗ್ರೆಸ್ ಹುಲ್ಲಿನ ಹೆಸರಿನಲ್ಲೇ ಹುಲ್ಲು ಇದೆ. ಆದರೆ ಅದರ ಎಲೆ ಸೀಳುಸೀಳಾಗಿದೆ, ನರಗಳು ಜಾಲದಂತಿವೆ, ತಾಯಿಬೇರಿದೆ, ಬಿಳಿ ಹೂಗೊಂಚಲಿದೆ. ಅದು ಸೂರ್ಯಕಾಂತಿಯ ಕುಟುಂಬದ ಗಿಡ. ಜೇಕು ನೋಡಲು ಹುಲ್ಲಿನಂತೆಯೇ ಇದೆ. ಅದರ ಹೂದಂಟನ್ನು ಎರಡು ಬೆರಳಲ್ಲಿ ಹೊರಳಿಸಲು ಹೇಳಿದೆ. ಮೂರು ಮೂಲೆ ಕೈಗೆ ಸಿಕ್ಕಿತು. ಗರಿಕೆಯ ಕಾಂಡ ಹೊರಳಿಸಿದರೆ ಮೂಲೆ ಸಿಗುವುದಿಲ್ಲ, ನಡುನಡುವೆ ಗಿಣ್ಣು ಸಿಗುತ್ತದೆ. 'ದಂಟು ಮೂರು ಮೂಲೆ, ಬುಡದಲ್ಲಿ ಗಡ್ಡೆ: ಜೇಕು. ದುಂಡು ಕಾಂಡ, ಗಿಣ್ಣು, ಸಮಾನಾಂತರ ನರಗಳ ಎಲೆ: ಹುಲ್ಲು' ಎಂದು ಮಕ್ಕಳೇ ಕಪ್ಪುಹಲಗೆಗೆ ಹೇಳಿ ಬರೆಸಿದರು.

ಹಾಗಾದರೆ ಭತ್ತ? ಮೆಕ್ಕೆಜೋಳ? ಕಬ್ಬು? ಬಿದಿರು? ಎಲ್ಲವೂ ಹುಲ್ಲಿನ ಕುಟುಂಬವೇ ಎಂದಾಗ ತರಗತಿಯಲ್ಲಿ ನಂಬದ ನಗೆ ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಕಬ್ಬಿನ ಗಿಣ್ಣು ಜ್ಞಾಪಿಸಿಕೊಂಡು 'ಹೌದು ಸಾರ್, ಗಿಣ್ಣಿಂದಾನೇ ನಾಟಿ ಮಾಡೋದು' ಅಂದ. ನಮ್ಮ ಮುಂದಿನ ಪಾಠಗಳೆಲ್ಲ ಆ ಒಂದು ವಾಕ್ಯದ ಮೇಲೆ ನಿಂತಿವೆ. ಕಬ್ಬನ್ನು ಗಿಣ್ಣಿರುವ ತುಂಡಿನಿಂದ ನೆಡುವ ಹಾಗೆಯೇ ಗರಿಕೆಯನ್ನೂ ನೆಡಬಹುದು. ಗರಿಕೆ ನೆಲದ ಮೇಲೆ ಹರಿಯುವ ಕಾಂಡವನ್ನೂ ನೆಲದೊಳಗೆ ಹರಿಯುವ ಕಾಂಡವನ್ನೂ ಹೊಂದಿದೆ. ಎರಡರ ಗಿಣ್ಣುಗಳಿಂದಲೂ ಬೇರು ಮತ್ತು ಚಿಗುರು ಹೊರಡುತ್ತವೆ. ಕ್ರಿಕೆಟ್ ಮೈದಾನ, ಗಾಲ್ಫ್ ಅಂಗಳಗಳಲ್ಲಿ ಹಾಕುವ 'ಬರ್ಮುಡಾ ಹುಲ್ಲು' ನಮ್ಮ ಗರಿಕೆಯೇ, ಇಲ್ಲವೇ ಅದರ ಮಿಶ್ರತಳಿ ಎಂದು ತಿಳಿಸಿದೆ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ನಿನಲ್ಲಿ ಗರಿಕೆಗೂ ಆಫ್ರಿಕಾದ ಅದರ ಸಂಬಂಧಿ ಹುಲ್ಲಿಗೂ ಮಿಶ್ರಣ ಮಾಡಿ 1960ರಲ್ಲಿ ಹೊರತಂದ 'ಟಿಫ್‌ವೇ' ತಳಿ ಬೀಜವನ್ನೇ ಕಟ್ಟುವುದಿಲ್ಲ. ಇಂದಿಗೂ ಅದನ್ನು ತುಂಡುಗಳಿಂದಲೇ ನೆಡುತ್ತಾರೆ.

ಆಗ ಎದ್ದು ನಿಂತ ವಿದ್ಯಾರ್ಥಿನಿ ಕೇಳಿದಳು: 'ಸಾರ್, ನಮ್ಮವ್ವ ಇದನ್ನ ಕೀಳಾಕೇ ಕೂಲಿಗೆ ಹೋಗದು. ನೀವು ನೆಡಾಕ ಹೇಳ್ತೀರಲ್ಲ?'

ನಾನು ತಯಾರಿಸಿಕೊಂಡ ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಹೊಲದಲ್ಲಿ ಗರಿಕೆ ಬಲು ಮೊಂಡು ಕಳೆ ಎಂಬುದು ನಿಜ. ಒಂದು ಗಿಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಹಬ್ಬುವ ಈ ಗುಣವೇ ಆಟದ ಬಯಲಿಗೆ ಬೇಕಾದದ್ದು. 'ಬೇಡದ ಜಾಗದಲ್ಲಿ ಬೆಳೆದ ಗಿಡ ಕಳೆ' ಎಂಬ ಪುಸ್ತಕದ ವ್ಯಾಖ್ಯೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ ಎಂದು ಹೇಳಿ ಕುಳ್ಳಿರಿಸಿದೆ. ಉತ್ತರ ತಪ್ಪಲ್ಲ, ಆದರೆ ಸಾಲದು. ಅವಳ ಪ್ರಶ್ನೆ ವ್ಯಾಖ್ಯೆಯದ್ದಲ್ಲ, ಶ್ರಮ ಯಾರದ್ದು ಎಂಬುದರದ್ದು. ಇದನ್ನು ಬಿಡಿಸಿ ಹೇಳಿದವರು ಹಿಂದೆ ಕೂತಿದ್ದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು.

ಮರುದಿನ ಪಾಠ ಆರಂಭಿಸುವ ಮೊದಲು ಆ ವಿದ್ಯಾರ್ಥಿನಿಗೇ ಒಂದು ಕೆಲಸ ಕೊಟ್ಟೆ. ಗರಿಕೆಯನ್ನು ಬೇರು ತುಂಡಾಗದಂತೆ ಕೀಳುವುದು ಹೇಗೆ ಎಂದು ತಾಯಿಯನ್ನು ಕೇಳಿ ಬಂದು ತರಗತಿಗೆ ತೋರಿಸಬೇಕು. ಅವಳು ತೋರಿಸಿದ ರೀತಿ ಹೀಗಿತ್ತು: ಮಣ್ಣು ಹಸಿಯಿದ್ದಾಗ ಕುರ್ಚಿಗೆಯನ್ನು ಓರೆಯಾಗಿ ಆಳಕ್ಕೆ ಇಳಿಸಿ, ಮೊದಲು ಮಣ್ಣನ್ನು ಎತ್ತಿ, ಆಮೇಲೆ ಹುಲ್ಲನ್ನು ಎಳೆಯುವುದು. ಕಳೆ ತೆಗೆಯುವವರ ಆ ಕೌಶಲವೇ ನಾಟಿಗೆ ಬೇಕಾದ ಉದ್ದ ತುಂಡುಗಳನ್ನು ಕೊಟ್ಟಿತು.

ಪಾಠ 2: ಮೊಳೆ, ಗುಂಡಿ, ಬಾಟಲಿ

ಮಣ್ಣನ್ನು ಅರಿಯದೆ ಹುಲ್ಲು ನೆಟ್ಟರೆ ಮೂರು ತಿಂಗಳಲ್ಲಿ ಬಯಲು ಮತ್ತೆ ಬಯಲಾಗುತ್ತದೆ. ಮೂರು ಪರೀಕ್ಷೆಗಳನ್ನು ಗುಂಪುಗಳಿಗೆ ಹಂಚಿದೆ.

ಮೊಳೆ ಪರೀಕ್ಷೆ: ಉದ್ದನೆಯ ಕಬ್ಬಿಣದ ಮೊಳೆಯನ್ನು ಅಂಗೈ ಬಲದಿಂದ ಮಾತ್ರ ನೆಲಕ್ಕೆ ಒತ್ತಬೇಕು. ಬೇಲಿ ಪಕ್ಕದಲ್ಲಿ ಪೂರ್ತಿ ಇಳಿಯಿತು. ಮಕ್ಕಳು ಸಾಲಾಗಿ ಓಡಾಡುವ ಕಡೆ ತುದಿಯೂ ಇಳಿಯಲಿಲ್ಲ. ಮೊಳೆ ಇಳಿಯದ ಕಡೆ ಬೇರೂ ಇಳಿಯದು. ತುಳಿತದಿಂದ ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗ ಮುಚ್ಚಿಹೋಗುತ್ತದೆ ಎಂಬುದು ಇಲ್ಲಿ ಬೆರಳಿಗೇ ತಿಳಿಯುತ್ತದೆ.

ಗುಂಡಿ ಪರೀಕ್ಷೆ: 30 ಸೆಂ.ಮೀ. ಆಳದ ಗುಂಡಿಗೆ ನೀರು ತುಂಬಿ ಇಂಗಲು ಬಿಡಬೇಕು. ಮತ್ತೆ ತುಂಬಿ, ಒಂದು ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಅಳತೆಪಟ್ಟಿಯಿಂದ ನೋಡಬೇಕು. ಗಂಟೆಗೆ 2.5 ಸೆಂ.ಮೀ.ಗಿಂತ ಕಡಿಮೆ ಇಳಿದರೆ ನೀರು ಬಸಿಯುವುದು ನಿಧಾನ ಎಂದರ್ಥ. ನಮ್ಮ ಗುಂಡಿಯಲ್ಲಿ ಒಂದು ಸೆಂ.ಮೀ. ಕೂಡ ಇಳಿಯಲಿಲ್ಲ.

ಬಾಟಲಿ ಪರೀಕ್ಷೆ: ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಅಲುಗಿಸದೆ ಇಡಬೇಕು. ಮರಳು ನಿಮಿಷದೊಳಗೆ ತಳ ಸೇರುತ್ತದೆ. ಗೋಡು ಕೆಲವು ಗಂಟೆಗಳಲ್ಲಿ. ಜೇಡಿ ಒಂದೆರಡು ದಿನ ನೀರನ್ನು ಕದಡಿಸಿಯೇ ಇರುತ್ತದೆ. ನಮ್ಮ ಬಾಟಲಿ ಮೂರನೇ ದಿನವೂ ತಿಳಿಯಾಗಿರಲಿಲ್ಲ.

ಮಕ್ಕಳ ಸಲಹೆ ತಕ್ಷಣ ಬಂತು: 'ಹೊಳೆ ಮರಳು ತಂದು ಬೆರೆಸೋಣ ಸಾರ್.' ತುಂಗಭದ್ರೆ ಹತ್ತಿರವೇ ಇರುವಾಗ ಇದು ಸಹಜ. ಎರಡು ಕಾರಣಕ್ಕೆ ಬೇಡವೆಂದೆವು. ಒಂದು, ಹೊಳೆಯ ಮರಳನ್ನು ನಮಗೆ ಬೇಕೆಂದಾಗ ತೋಡಿ ತರುವ ಹಾಗಿಲ್ಲ. ಎರಡು, ಜೇಡಿಮಣ್ಣಿಗೆ ಸ್ವಲ್ಪ ಮರಳು ಬೆರೆಸಿದರೆ ಮಣ್ಣು ಸಡಿಲವಾಗುವ ಬದಲು ಗಾರೆಯಂತೆ ಗಟ್ಟಿಯಾಗುತ್ತದೆ. ಪ್ರಯೋಜನವಾಗಬೇಕಾದರೆ ಮಣ್ಣಿಗಿಂತ ಮರಳೇ ಹೆಚ್ಚಿರಬೇಕು. ದೊಡ್ಡ ಕ್ರೀಡಾಂಗಣಗಳು ಹಾಗೆಯೇ ಮರಳಿನ ಹಾಸಿನ ಮೇಲೆ ಹುಲ್ಲು ಬೆಳೆಸುತ್ತವೆ. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಿಂದ ನೆಲದಡಿಯ ಕೊಳವೆಗಳ ಮೂಲಕ ಮಳೆನೀರನ್ನು ಎಳೆದು ಹೊರಹಾಕುವ ಸಬ್‌ಏರ್ ವ್ಯವಸ್ಥೆ ಇದೆ. ಹಾಗಾಗಿ ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೆ ಆಟ ಶುರುವಾಗುತ್ತದೆ. ನಮ್ಮ ಕೈಯಲ್ಲಿರುವುದು ಕೊಟ್ಟಿಗೆ ಗೊಬ್ಬರ ಮತ್ತು ಇಳಿಜಾರು. ಕಳಿತ ಗೊಬ್ಬರ ಜೇಡಿಯ ಕಣಗಳನ್ನು ಹರಳುಗಟ್ಟಿಸಿ ನಡುವೆ ಸಂದು ಮಾಡುತ್ತದೆ. ಇಳಿಯದ ನೀರು ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಮಟ್ಟ ನೋಡಿದೆವು. ನೂರಕ್ಕೆ ಒಂದರಷ್ಟು ಇಳಿಜಾರು, ಅಂದರೆ 6 ಮೀಟರ್ ಉದ್ದಕ್ಕೆ 6 ಸೆಂ.ಮೀ., ಸಾಕು ಎಂದು ಲೆಕ್ಕಹಾಕಿದೆವು.

ಪಾಠ 3: ಲೆಕ್ಕದ ಪಾಠ

ಇಡೀ ಬಯಲಿಗೆ ಹುಲ್ಲು ಹಾಕುವ ಆಸೆ ನನಗಿತ್ತು. ಮುಖ್ಯ ಶಿಕ್ಷಕರು ನೀರಿನ ತೊಟ್ಟಿ ತೋರಿಸಿ 'ಒಂದು ತುಂಡು ಮಾಡಿ ತೋರಿಸಿ' ಎಂದರು. 6 ಮೀಟರ್ ಉದ್ದ, 4.5 ಮೀಟರ್ ಅಗಲದ ಬಿಸಿಲು ಬೀಳುವ ಜಾಗ ಆರಿಸಿದೆವು. ಗರಿಕೆಗೆ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ನೇರ ಬಿಸಿಲು ಬೇಕು. ಬೇವಿನ ಮರದಡಿ ಅದು ಸೊರಗುತ್ತದೆ. ಲೆಕ್ಕಗಳನ್ನು ಗಣಿತದ ಅವಧಿಯಲ್ಲೇ ಮಾಡಿಸಿದೆ:

ವಿಸ್ತೀರ್ಣ: 6 × 4.5 = 27 ಚದರ ಮೀಟರ್.
ನಾಟಿಯ ಅಂತರ 15 ಸೆಂ.ಮೀ. ಆದರೆ: ಉದ್ದಕ್ಕೆ 40 ಸಾಲು, ಸಾಲಿಗೆ 30 ಕುಣಿ, ಒಟ್ಟು 1,200.
ಅಂತರ 10 ಸೆಂ.ಮೀ. ಆದರೆ: 60 × 45 = 2,700. ಬೇಗ ಮುಚ್ಚುತ್ತದೆ, ಶ್ರಮ ಎರಡು ಪಟ್ಟಿಗಿಂತ ಹೆಚ್ಚು.
ಗೊಬ್ಬರ: ಚದರ ಮೀಟರಿಗೆ 4 ಕೆ.ಜಿ.ಯಂತೆ 108 ಕೆ.ಜಿ.
ನೀರು: ಒಂದು ಚದರ ಮೀಟರಿನ ಮೇಲೆ 1 ಮಿ.ಮೀ. ನೀರು ಎಂದರೆ 1 ಲೀಟರ್. ಬಿರುಬೇಸಿಗೆಯಲ್ಲಿ ಹುಲ್ಲು ಮತ್ತು ಮಣ್ಣಿನಿಂದ ದಿನಕ್ಕೆ ಸುಮಾರು 5 ಮಿ.ಮೀ. ಆವಿಯಾದರೆ 27 × 5 = 135 ಲೀಟರ್. 15 ಲೀಟರಿನ 9 ಬಕೆಟ್.

ತರಗತಿಯಲ್ಲಿ 40 ಮಕ್ಕಳಿದ್ದರು. ಸಾಲುಗಳೂ 40. ಪ್ರತಿಯೊಬ್ಬರಿಗೆ ಒಂದು ಸಾಲು ಎಂದಾಗ ಚಪ್ಪಾಳೆ ಬಿತ್ತು. ಆ ಉತ್ಸಾಹದಲ್ಲಿ ನಾನು ಇನ್ನೊಂದು ಮಾತು ಸೇರಿಸಿದೆ: 'ಯಾರ ಸಾಲು ಹೆಚ್ಚು ಚಿಗುರುತ್ತದೋ ಅವರಿಗೆ ಹೆಚ್ಚು ಅಂಕ.' ಈ ಲೇಖನ ಬರೆಯಲು ಆ ಮಾತೇ ಕಾರಣ.

ಪಾಠ 4: ನೆಲ ಹದ ಮಾಡಿ ನಾಟಿ

ನೆಲವನ್ನು 20 ಸೆಂ.ಮೀ. ಆಳಕ್ಕೆ ಅಗೆದು ಕಲ್ಲು ಆರಿಸಿ ಗೊಬ್ಬರ ಬೆರೆಸಿದೆವು. ಕೂಡಲೇ ನೆಡಲಿಲ್ಲ. ನೀರು ಕೊಟ್ಟು ಎರಡು ವಾರ ಬಿಟ್ಟೆವು. ಮಣ್ಣಿನಲ್ಲಿ ಮಲಗಿದ್ದ ಕಾಂಗ್ರೆಸ್ ಮತ್ತು ಜೇಕು ಎದ್ದು ಬಂದವು. ಅವನ್ನು ಗಡ್ಡೆ ಸಮೇತ ತೆಗೆದ ಮೇಲೆ ಮಟ್ಟ ಮಾಡಿದೆವು. ಹುಲ್ಲು ಹಾಕಿದ ನಂತರ ಜೇಕು ತೆಗೆಯುವುದು ಹತ್ತು ಪಟ್ಟು ಕಷ್ಟ, ಆದ್ದರಿಂದ ಈ ಎರಡು ವಾರವನ್ನು ಯಾರೂ ಉಳಿಸಲು ಹೋಗಬಾರದು.

ಜುಲೈ ಎರಡನೆಯ ವಾರ ನಾಟಿ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಬೀಳುವುದೇ 600–700 ಮಿ.ಮೀ. ಮಳೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗಿನ ಮೋಡ ಮುಸುಕಿದ ದಿನಗಳು ನಾಟಿಗೆ ಸರಿಯಾದ ಕಾಲ. ಹಿಂದಿನ ದಿನ ಮಧ್ಯಾಹ್ನ ನಾನೇ ಮುಂದೆ ನಿಂತು ಹುಲ್ಲು ಕೀಳಿಸಿ ಎರಡು ಬುಟ್ಟಿ ತುಂಬಿಸಿದೆ. ಬುಟ್ಟಿಗಳನ್ನು ಕೊಠಡಿಯ ಹೊರಗೆ ಹಾಗೆಯೇ ಬಿಟ್ಟು ಮನೆಗೆ ಹೋದೆ. ಬೆಳಿಗ್ಗೆ ನೋಡಿದರೆ ಹುಲ್ಲು ಅರ್ಧದಷ್ಟು ಸಾಲುಗಳಿಗೆ ಮಾತ್ರ ಸಾಕು. ಆದ್ದರಿಂದ ಕೆಲವರು ನಾಲೆಯ ಏರಿಯ ಮೇಲೆ ಹೋಗಿ ಹೊಸದಾಗಿ ಕಿತ್ತು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ತಂದರು. ಮೊದಲ 20 ಸಾಲಿಗೆ ಹಿಂದಿನ ದಿನದ ಹುಲ್ಲು, ನಂತರದ 20 ಸಾಲಿಗೆ ಬೆಳಗಿನ ಹುಲ್ಲು ಹಂಚಿದೆ. ಎರಡರ ನಡುವೆ ವ್ಯತ್ಯಾಸವಿದೆ ಎಂದು ಆಗ ನನಗೆ ಅನಿಸಲೇ ಇಲ್ಲ.

ನೆಡುವ ಕ್ರಮ: ಮೂರು ನಾಲ್ಕು ಗಿಣ್ಣುಗಳಿರುವ ತುಂಡು. ಎರಡು ಗಿಣ್ಣು ಮಣ್ಣಿನೊಳಗೆ, ಒಂದು ಹೊರಗೆ. 3–4 ಸೆಂ.ಮೀ. ಆಳ. ಬೆರಳಿನಿಂದ ಮಣ್ಣು ಒತ್ತಿ ಬೇರಿಗೂ ಮಣ್ಣಿಗೂ ನಡುವೆ ಗಾಳಿ ಉಳಿಯದಂತೆ ಮಾಡಬೇಕು. ಕೂಡಲೇ ನೀರು. ಮೊದಲ ಹತ್ತು ದಿನ ಮೇಲ್ಮಣ್ಣು ಒಣಗದಂತೆ ದಿನಕ್ಕೆ ಎರಡು ಸಲ ಹದವಾಗಿ, ಆಮೇಲೆ ಅಂತರ ಹೆಚ್ಚಿಸುತ್ತಾ ಆಳವಾಗಿ ನೀರು ಕೊಡಬೇಕು. ದಿನವೂ ಸ್ವಲ್ಪ ಸ್ವಲ್ಪ ಕೊಟ್ಟರೆ ಬೇರು ಮೇಲೇ ಉಳಿಯುತ್ತದೆ, ಬೇಸಿಗೆಯಲ್ಲಿ ಮೊದಲು ಒಣಗುವುದೂ ಅದೇ.

ಪಾಠ 5: ಎಣಿಕೆಯ ದಿನ

ಹನ್ನೆರಡನೆಯ ದಿನ ಪ್ರತಿಯೊಬ್ಬರೂ ತಮ್ಮ ಸಾಲಿನಲ್ಲಿ ಚಿಗುರಿದ ಕುಣಿ ಎಣಿಸಿ ಚಾರ್ಟಿನಲ್ಲಿ ಬರೆದರು. 21ರಿಂದ 40ರವರೆಗಿನ ಸಾಲುಗಳಲ್ಲಿ ಬಹುತೇಕ 25ಕ್ಕಿಂತ ಹೆಚ್ಚು. 1ರಿಂದ 20ರವರೆಗಿನ ಸಾಲುಗಳಲ್ಲಿ ಹೆಚ್ಚಿನವು ಹತ್ತು ಹನ್ನೆರಡು. ಏಳನೆಯ ಸಾಲಿನ ಹುಡುಗ ದಿನವೂ ಊಟದ ಬಿಡುವಿನಲ್ಲಿ ಬಂದು ತನ್ನ ಸಾಲಿಗೆ ನೀರು ಹಾಕುತ್ತಿದ್ದವನು. ಅವನದು ಒಂಬತ್ತು. ಚಾರ್ಟಿನ ಮುಂದೆ ನಿಂತು 'ನನ್ ಕೈಗುಣ ಸರಿ ಇಲ್ಲ ಸಾರ್' ಅಂದ.

ಅಂಕ ಕೊಡುವ ಮಾತಾಡಿದವನು ನಾನು. ಬುಟ್ಟಿಯನ್ನು ಬಿಸಿಲಿಗೆ ಬಿಟ್ಟವನೂ ನಾನು. ಮಾರ್ಗದರ್ಶಕರು ಚಾರ್ಟ್ ನೋಡಿ ಒಂದೇ ಪ್ರಶ್ನೆ ಕೇಳಿದರು: 'ಇದರಲ್ಲಿ ನೀವು ಅಳೆದದ್ದು ಏನು? ಮಗುವಿನ ಕಲಿಕೆಯನ್ನೋ, ಅದರ ಸಾಲಿಗೆ ಬಿದ್ದ ಹುಲ್ಲನ್ನೋ?'

ಮರುದಿನದ ಪಾಠವನ್ನು ಬದಲಿಸಿದೆ. ಅಂಕದ ಮಾತನ್ನು ತರಗತಿಯ ಮುಂದೆ ಹಿಂದಕ್ಕೆ ತೆಗೆದುಕೊಂಡೆ. ಚಾರ್ಟನ್ನು ಹಲಗೆಗೆ ಅಂಟಿಸಿ, '20ನೆಯ ಸಾಲಿನ ನಂತರ ಏನೋ ಬದಲಾಗಿದೆ. ಏನು?' ಎಂದು ಕೇಳಿದೆ. ಮಣ್ಣು ಬೇರೆ ಇರಬಹುದೇ? ಮೊಳೆ ಪರೀಕ್ಷೆ ಮತ್ತೆ ಮಾಡಿದರು, ವ್ಯತ್ಯಾಸವಿಲ್ಲ. ನೀರು? ಎರಡೂ ಕಡೆಗೆ ಅದೇ ಬಕೆಟ್, ಅದೇ ಲೆಕ್ಕ. ಬಿಸಿಲು? ಎರಡೂ ಕಡೆ ನೆರಳಿಲ್ಲ. ಕೊನೆಗೆ ಗೋಣಿಚೀಲ ಹೊತ್ತು ತಂದಿದ್ದವರಲ್ಲಿ ಒಬ್ಬಳು 'ನಮ್ದು ಹಸಿ ಇತ್ತು, ಅವ್ರದ್ದು ಬಾಡಿತ್ತು' ಅಂದಳು. ಕಿತ್ತ ಹುಲ್ಲಿಗೆ ಬೇರಿನ ನೀರಿಲ್ಲ, ಎಲೆಯಿಂದ ಬಾಷ್ಪವಿಸರ್ಜನೆ ಮಾತ್ರ ನಡೆಯುತ್ತಲೇ ಇರುತ್ತದೆ, ಗಿಣ್ಣಿನಲ್ಲಿರುವ ಮೊಗ್ಗು ಒಣಗಿ ಸಾಯುತ್ತದೆ ಎಂದು ವಿವರಿಸಿದೆ. ಆ ಬುಟ್ಟಿಯನ್ನು ಹೊರಗೆ ಬಿಟ್ಟವನು ನಾನೇ ಎಂದೂ ಹೇಳಿದೆ. ತರಗತಿ ಒಂದು ಗಳಿಗೆ ಸುಮ್ಮನಾಯಿತು. ಏಳನೆಯ ಸಾಲಿನ ಹುಡುಗ ಆಮೇಲೆ ಕೇಳಿದ್ದು, 'ಹಂಗಾದ್ರೆ ಮತ್ತೆ ನೆಡಬಹುದಾ ಸಾರ್?' ಎಂದು ಮಾತ್ರ.

ನೆಟ್ಟೆವು. ಈ ಸಲ ಬೆಳಿಗ್ಗೆ ಕಿತ್ತು, ಒದ್ದೆ ಗೋಣಿಯಲ್ಲಿಟ್ಟು, ಗಂಟೆಯೊಳಗೆ. ಖಾಲಿ ಕುಣಿಗಳನ್ನು ತುಂಬಲು ಎರಡನೆಯ ಅರ್ಧದ ಮಕ್ಕಳೂ ಕೈಹಾಕಿದರು. ಮೌಲ್ಯಮಾಪನಕ್ಕೆ ಬೇರೆ ಮಾನಕ ಮಾಡಿದೆ: ವೀಕ್ಷಣೆಯನ್ನು ದಿನಾಂಕ ಸಹಿತ ಬರೆದಿರುವುದು, ವ್ಯತ್ಯಾಸಕ್ಕೆ ಕಾರಣ ಹುಡುಕಲು ಒಂದು ಪರೀಕ್ಷೆ ಸೂಚಿಸಿರುವುದು, ಲೆಕ್ಕ ಸರಿಯಿರುವುದು. ಏಳನೆಯ ಸಾಲಿನ ಹುಡುಗನ ವೀಕ್ಷಣಾ ಪುಸ್ತಕದಲ್ಲಿ ಒಂದು ದಿನವೂ ಬಿಟ್ಟುಹೋಗಿರಲಿಲ್ಲ.

ಪಾಠ 6: ಕತ್ತರಿಸಿದರೂ ಏಕೆ ಬೆಳೆಯುತ್ತದೆ?

ಐದಾರು ವಾರದಲ್ಲಿ ಹುಲ್ಲು ಬಳ್ಳಿ ಹರಿಸಿ ಸಾಲುಗಳ ನಡುವಿನ ಮಣ್ಣನ್ನು ಮುಚ್ಚತೊಡಗಿತು. ಈಗ ಯಾರ ಸಾಲು ಯಾವುದು ಎಂಬ ಗುರುತೂ ಅಳಿಸತೊಡಗಿತು. ಮೊದಲ ಕತ್ತರಿಸುವಿಕೆಯ ಮುನ್ನ ಒಂದು ಪ್ರಯೋಗ ಮಾಡಿಸಿದೆ. ಇನ್ನೂ ಬೆಳೆಯುತ್ತಿರುವ ಎಳೆ ಎಲೆಯ ಮೇಲೆ ಬುಡದಿಂದ ತುದಿಯವರೆಗೆ ಅರ್ಧ ಸೆಂ.ಮೀ.ಗೊಂದು ಶಾಯಿ ಚುಕ್ಕೆ ಇಡಬೇಕು. ನಾಲ್ಕು ದಿನದ ನಂತರ ನೋಡಿದರೆ ತುದಿಯ ಚುಕ್ಕೆಗಳ ಅಂತರ ಹಾಗೆಯೇ ಇದೆ. ಬುಡಕ್ಕೂ ಮೊದಲ ಚುಕ್ಕೆಗೂ ನಡುವಿನ ಅಂತರ ಹೆಚ್ಚಾಗಿದೆ. ಹುಲ್ಲಿನ ಎಲೆ ಬುಡದಿಂದ ಬೆಳೆಯುತ್ತದೆ, ಹೊಸ ಚಿಗುರಿನ ಮೊಗ್ಗು ನೆಲಕ್ಕೆ ಅಂಟಿಕೊಂಡಿದೆ. ಹಸು ಮೇಯ್ದರೂ ಕತ್ತರಿ ಆಡಿಸಿದರೂ ಹೋಗುವುದು ಹಳೆಯ ತುದಿ ಮಾತ್ರ. ತೊಗರಿ ಗಿಡದ ತುದಿ ಚಿವುಟಿದರೆ ಆಗುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳೇ ಹೋಲಿಸಿ ಹೇಳಿದರು.

ಆದರೆ ಮಿತಿ ಇದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. 3 ಸೆಂ.ಮೀ. ಎತ್ತರ ಬೇಕಾದರೆ 4.5 ಸೆಂ.ಮೀ. ಆದಾಗ ಕತ್ತರಿಸಬೇಕು. ಎಲೆ ಆಹಾರ ತಯಾರಿಸುವ ಅಂಗ. ಅದನ್ನು ಬೋಳಿಸಿದರೆ ಬೇರಿನ ದಾಸ್ತಾನು ಖರ್ಚಾಗುತ್ತದೆ. ನಮ್ಮಲ್ಲಿ ಯಂತ್ರವಿರಲಿಲ್ಲ, ಬೇಲಿ ಕತ್ತರಿಸುವ ದೊಡ್ಡ ಕತ್ತರಿ ಸಾಕಾಯಿತು. ಹುಲ್ಲು ಕತ್ತರಿಸುವ ಯಂತ್ರವನ್ನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ 1830ರಲ್ಲಿ ರೂಪಿಸುವವರೆಗೆ ಅಲ್ಲಿಯ ದೊಡ್ಡ ಅಂಗಳಗಳಲ್ಲೂ ಕುಡುಗೋಲು ಮತ್ತು ಕುರಿಗಳೇ ಆ ಕೆಲಸ ಮಾಡುತ್ತಿದ್ದವು ಎಂದಾಗ ಮಕ್ಕಳು ಕುರಿ ತರಲು ಸಿದ್ಧರಾದರು. ಕತ್ತರಿಸಿದ ತುದಿಗಳನ್ನು ಅಲ್ಲೇ ಉದುರಿಸಿದರೆ ಅವು ಕೊಳೆತು ಸಾರಜನಕವಾಗಿ ಹಿಂದಿರುಗುತ್ತವೆ. ಎಲೆ ಹಳದಿಯಾದರೆ ಚದರ ಮೀಟರಿಗೆ 10 ಗ್ರಾಂ ಯೂರಿಯಾ ಸಾಕು, ನಮ್ಮ ತುಂಡಿಗೆ 270 ಗ್ರಾಂ. ಅದನ್ನು ಒಣ ಎಲೆಯ ಮೇಲೆ ಚೆಲ್ಲಿ ಕೂಡಲೇ ನೀರು ಕೊಡಬೇಕು, ಇಲ್ಲವಾದರೆ ಎಲೆ ಸುಡುತ್ತದೆ.

ಮೂರನೆಯ ತಿಂಗಳಲ್ಲಿ ತುಂಡು ಪೂರ್ತಿ ಹಸಿರಾಯಿತು. ಆಗ ಬೇಲಿ ತೆಗೆಯಬೇಕೇ ಎಂಬ ಚರ್ಚೆ. ಅರ್ಧ ತರಗತಿ 'ಹಾಳಾಗ್ತದೆ' ಎಂದಿತು. 'ಮೊಣಕಾಲಿಗಂತ ತಾನೇ ನೆಟ್ಟಿದ್ದು?' ಎಂದಿತು ಇನ್ನರ್ಧ. ತುಳಿತ ತಾಳಿ ಮತ್ತೆ ಹಬ್ಬುವುದು ಗರಿಕೆಯ ಶಕ್ತಿ, ಆದರೆ ಹಬ್ಬಲು ಬಿಡುವು ಬೇಕು. ಅರ್ಧ ತುಂಡಿನಲ್ಲಿ ಆಟ, ಅರ್ಧಕ್ಕೆ ವಿಶ್ರಾಂತಿ, ಎರಡು ವಾರಕ್ಕೊಮ್ಮೆ ಅದಲು ಬದಲು, ಮಳೆ ಬಂದು ನೆಲ ಮೆತ್ತಗಿದ್ದ ದಿನ ಯಾರೂ ಇಳಿಯಬಾರದು ಎಂದು ತೀರ್ಮಾನವಾಯಿತು.

ನೀರಿನ ಚರ್ಚೆ

ಕೂಲಿಯ ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ ಕೊನೆಯ ಅವಧಿಯಲ್ಲಿ 9 ಬಕೆಟ್ ಲೆಕ್ಕವನ್ನು ಮತ್ತೆ ಎತ್ತಿದಳು. ಏಪ್ರಿಲ್‌ನಲ್ಲಿ ಮನೆಗೇ ನೀರು ಸಾಲದಿರುವಾಗ ಹುಲ್ಲಿಗೆ 9 ಬಕೆಟ್ ಯಾರು ಕೊಡುತ್ತಾರೆ? ಇದನ್ನು ಚರ್ಚಾವಿಷಯವಾಗಿ ಇಟ್ಟೆ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಗೆ ಪರದಾಡಿದಾಗ ಚಿನ್ನಸ್ವಾಮಿ ಕ್ರೀಡಾಂಗಣದ ಹುಲ್ಲಿಗೂ ಇದೇ ಪ್ರಶ್ನೆ ಬಂದು, ಸಂಸ್ಕರಿಸಿದ ನೀರನ್ನು ಬಳಸಿ ಪಂದ್ಯ ನಡೆಸಿದರು ಎಂದು ತಿಳಿಸಿದೆ. ಮಕ್ಕಳು ಬಿಸಿಯೂಟದ ತಟ್ಟೆ ತೊಳೆಯುವ ಜಾಗಕ್ಕೆ ಹೋಗಿ ಅಳೆದರು. ಸೋಪಿಲ್ಲದೆ ಕೊನೆಯ ಬಾರಿ ತೊಳೆಯುವ ನೀರು ತಟ್ಟೆಗೆ ಒಂದು ಲೀಟರಾದರೆ, 135 ತಟ್ಟೆಯ ನೀರು ಒಂದು ದಿನಕ್ಕೆ ಸಾಕು.

ಆದರೆ ಬೇಸಿಗೆ ರಜೆಯಲ್ಲಿ ತಟ್ಟೆಯೂ ಇಲ್ಲ. ಆಗ ಬಂದ ಉತ್ತರ ನನಗೂ ಹೊಸದು: 'ಒಣಗಲಿ ಬಿಡಿ ಸಾರ್, ಹೊಲ್ದಾಗೆ ಒಣಗಿದ್ದು ಮಳೆ ಬಿದ್ರೆ ಏಳಲ್ವಾ?' ನಿಜ. ಗರಿಕೆ ಕಂದಾಗುವುದು ಸಾವಲ್ಲ. ನೆಲದೊಳಗಿನ ಕಾಂಡ ಜೀವ ಹಿಡಿದಿರುತ್ತದೆ. ಎರಡು ಮೂರು ವಾರಕ್ಕೊಮ್ಮೆ ಒಂದು ನೀರು ಕೊಟ್ಟರೆ ಸಾಕು, ಜೂನ್ ಮಳೆಗೆ ಮತ್ತೆ ಹಸಿರಾಗುತ್ತದೆ. ವರ್ಷವಿಡೀ ಹಸಿರು ಬೇಕೆಂಬ ಹಟ ಬಿಟ್ಟರೆ ನಮ್ಮ ಸೀಮೆಯಲ್ಲೂ ಹುಲ್ಲುಹಾಸು ಇಡಬಹುದು. ಹೊಲದ ಕಳೆಯನ್ನು ಕಂಡವರಿಗೆ ಇದು ಮೊದಲೇ ಗೊತ್ತಿತ್ತು.

ಮೌಲ್ಯಮಾಪನ ಪ್ರಶ್ನೆಗಳು

1. ಕಾಂಗ್ರೆಸ್ ಹುಲ್ಲು ಹುಲ್ಲಲ್ಲ ಎನ್ನಲು ಮೂರು ಕಾರಣ ಕೊಡಿ.
2. 9 ಮೀ. × 6 ಮೀ. ಅಂಗಳಕ್ಕೆ 15 ಸೆಂ.ಮೀ. ಅಂತರದಲ್ಲಿ ಎಷ್ಟು ತುಂಡು ಬೇಕು? (ಉತ್ತರ: 60 × 40 = 2,400)
3. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಎಷ್ಟು ಲೀಟರ್ ನೀರು? ನಮ್ಮ ತುಂಡಿಗೆ ಎಷ್ಟು ದಿನ ಬರುತ್ತದೆ? (ಉತ್ತರ: 1,000 ಲೀಟರ್, ಬಿರುಬೇಸಿಗೆಯ ಲೆಕ್ಕದಲ್ಲಿ ಸುಮಾರು ಏಳು ದಿನ)
4. ನಿಮ್ಮ ಹೊಲದಲ್ಲಿ ಗರಿಕೆ ಕಳೆ, ಶಾಲೆಯಲ್ಲಿ ಬೆಳೆ. ಇದನ್ನು ನಿಮ್ಮ ಮನೆಯವರಿಗೆ ಹೇಗೆ ವಿವರಿಸುತ್ತೀರಿ?

ಆತ್ಮಾವಲೋಕನ

ಈ ಪಾಠವನ್ನು ಮುಂದೆ ಕೈಗೊಳ್ಳುವ ಪ್ರಶಿಕ್ಷಣಾರ್ಥಿ ಮಿತ್ರರಿಗೆ ಮೂರು ಮಾತು. ಒಂದು, ಸಣ್ಣ ತುಂಡಿನಿಂದ ಆರಂಭಿಸಿ. 27 ಚದರ ಮೀಟರ್ ಒಂದು ತರಗತಿಯ ಶಕ್ತಿಗೆ ತಕ್ಕದ್ದು. ಎರಡು, ಶಾಲೆಗೆ ಹೋದ ಮೊದಲ ವಾರದಲ್ಲೇ ನೆಲ ಅಗೆಯಿರಿ. ಹುಲ್ಲು ಮುಚ್ಚಲು ಮೂರು ತಿಂಗಳು ಬೇಕು, ನಮ್ಮ ಅವಧಿ ಬೇಗ ತೀರುತ್ತದೆ. ಮೂರು, ಬೆಳೆದ ಗಿಡಕ್ಕೆ ಅಂಕ ಕೊಡಬೇಡಿ. ಗಿಡ ಬೆಳೆಯಲು ಮಗುವಿನ ಕೈಯಲ್ಲಿಲ್ಲದ ಹತ್ತು ಕಾರಣಗಳಿವೆ. ನಮ್ಮ ತಪ್ಪಿನಿಂದ ಸೋತ ಸಾಲನ್ನು ಮಗು ತನ್ನ ಕೈಗುಣವೆಂದು ತಿಳಿಯುವುದಕ್ಕಿಂತ ದೊಡ್ಡ ನಷ್ಟ ತರಗತಿಯಲ್ಲಿ ಇನ್ನೊಂದಿಲ್ಲ.

ನಾನು ಶಾಲೆ ಬಿಡುವ ದಿನ ವೀಕ್ಷಣಾ ಪುಸ್ತಕವನ್ನು ಏಳನೆಯ ತರಗತಿಯವರಿಗೆ ಒಪ್ಪಿಸಿದೆವು. ಕೊನೆಯ ಪುಟದಲ್ಲಿ ಏಳನೆಯ ಸಾಲಿನ ಹುಡುಗ ದಿನಾಂಕ ಹಾಕಿ ಬರೆದಿದ್ದ: 'ಸಾಲು ಕಾಣುವುದಿಲ್ಲ. ಎಲ್ಲಾ ಒಂದೇ ಆಗಿದೆ. ಜೇಕು ಎರಡು ಕಿತ್ತೆ.'